ವಜ್ರದ ನೆಲದಲ್ಲಿ ಸೂರಿಲ್ಲದವರು

ಕೆನಡಾದ ಒಂಟಾರಿಯೊ ಪ್ರಾಂತ್ಯದ ಉತ್ತರದಲ್ಲಿ, ಜೇಮ್ಸ್ ಕೊಲ್ಲಿಯ ಬಳಿಯಿರುವ ಅಟ್ಟವಾಪಿಸ್ಕಟ್ ಕ್ರೀ ಮೂಲನಿವಾಸಿಗಳ ಮೀಸಲು ನೆಲೆ. ಸುಮಾರು ಎರಡು ಸಾವಿರ ಜನರ ಈ ಊರಿಗೆ ಸರ್ವಋತು ರಸ್ತೆಯಿಲ್ಲ. ಹೊರಜಗತ್ತು ಇದರ ಹೆಸರು ಕೇಳಿದ್ದೇ ತುರ್ತುಸ್ಥಿತಿಗಳ ಮೂಲಕ. 2011ರಲ್ಲಿ ವಸತಿಗಾಗಿ, 2016ರಲ್ಲಿ ಆತ್ಮಹತ್ಯಾ ಯತ್ನಗಳ ಸರಣಿಯಿಂದಾಗಿ, 2019ರಲ್ಲಿ ನೀರಿಗಾಗಿ ಇಲ್ಲಿ ತುರ್ತುಸ್ಥಿತಿ ಘೋಷಣೆಯಾಯಿತು. ಇದನ್ನು ಆಕಸ್ಮಿಕವೆನ್ನಲಾಗದು.

ಮೂಲ ಇರುವುದು ಚರಿತ್ರೆಯಲ್ಲಿ. 1905ರ ಒಂಬತ್ತನೆಯ ಒಪ್ಪಂದಕ್ಕೆ ಈ ಸಮುದಾಯ 1930ರಲ್ಲಿ ಸೇರಿತು. ಐದು ಜನರ ಕುಟುಂಬಕ್ಕೆ ಒಂದು ಚದರ ಮೈಲಿಯ ಲೆಕ್ಕದಲ್ಲಿ ಮೀಸಲು ಭೂಮಿ, ತಲೆಗೆ ವರ್ಷಕ್ಕೆ 4 ಡಾಲರ್ ಎಂಬುದು ಅದರ ಕರಾರು. ಪ್ರತಿಯಾಗಿ ಅಪಾರ ಭೂಪ್ರದೇಶ ತನ್ನ ವಶವಾಯಿತೆಂದು ಸರ್ಕಾರ ತಿಳಿಯಿತು. ನೆಲವನ್ನು ಹಂಚಿಕೊಳ್ಳಲು ಒಪ್ಪಿದೆವೇ ಹೊರತು ಬಿಟ್ಟುಕೊಡಲಿಲ್ಲವೆಂಬುದು ಕ್ರೀ ಜನರ ವಾದ. 1876ರ ಇಂಡಿಯನ್ ಕಾಯ್ದೆಯಂತೆ ಮೀಸಲು ಭೂಮಿಯ ಒಡೆತನವೂ ಪ್ರಭುತ್ವದ್ದೇ. ಅದನ್ನು ಅಡವಿಟ್ಟು ಸಾಲ ಪಡೆಯುವುದು ಕಷ್ಟಸಾಧ್ಯವಾದ್ದರಿಂದ ಮನೆ ಕಟ್ಟಲೂ ಒಟ್ಟಾವದ ಅನುದಾನವನ್ನೇ ನೆಚ್ಚಬೇಕಾಯಿತು.

ಊರಿನಿಂದ ಸುಮಾರು 90 ಕಿ.ಮೀ. ದೂರದಲ್ಲಿ, ಕ್ರೀ ಜನರ ಸಾಂಪ್ರದಾಯಿಕ ನೆಲದಲ್ಲೇ, ಡಿ ಬೀರ್ಸ್ ಕಂಪನಿಯ ವಿಕ್ಟರ್ ವಜ್ರದ ಗಣಿ 2008ರಿಂದ 2019ರವರೆಗೆ ನಡೆಯಿತು. ಕಂಪನಿಯೊಡನೆ ಮಾಡಿಕೊಂಡ ಒಪ್ಪಂದದಿಂದ ಸಮುದಾಯಕ್ಕೆ ಕೆಲವು ಉದ್ಯೋಗ, ಪರಿಹಾರ ದೊರೆತವು. ಆದರೆ ಖನಿಜದ ರಾಜಧನ ಸಂದದ್ದು ಪ್ರಾಂತ್ಯ ಸರ್ಕಾರಕ್ಕೆ. ಗಣಿ ನಡೆಯುತ್ತಿದ್ದ ಕಾಲದಲ್ಲೇ ಊರಿನ ಕೆಲ ಕುಟುಂಬಗಳು ಡೇರೆಗಳಲ್ಲಿ ಚಳಿಗಾಲ ಎದುರಿಸಿದವು.

ಕೊಟ್ಟ ಹಣವೆಲ್ಲ ಎಲ್ಲಿ ಹೋಯಿತೆಂಬುದು 2011ರಲ್ಲಿ ಒಟ್ಟಾವ ಕೇಳಿದ ಪ್ರಶ್ನೆ. ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ಅದು ಊರಿನ ಹಣಕಾಸನ್ನು ಹೊರಗಿನ ವ್ಯವಸ್ಥಾಪಕನ ಕೈಗೊಪ್ಪಿಸಿತು; ಆ ಕ್ರಮ ಅಸಮಂಜಸವೆಂದು 2012ರಲ್ಲಿ ಫೆಡರಲ್ ನ್ಯಾಯಾಲಯವೇ ಹೇಳಿತು. ಸರ್ಕಾರದ ಲೆಕ್ಕವನ್ನೂ ಕೇಳಬೇಕಲ್ಲವೇ? 1979ರಲ್ಲಿ ಸೋರಿದ ಡೀಸೆಲ್‌ನಿಂದ ನೆಲ ಕಲುಷಿತಗೊಂಡು ಊರಿನ ಪ್ರಾಥಮಿಕ ಶಾಲೆ 2000ದಲ್ಲಿ ಮುಚ್ಚಿತು. ಹೊಸ ಶಾಲೆ ತೆರೆದದ್ದು 2014ರಲ್ಲಿ. ಅದಕ್ಕಾಗಿ ದೇಶದ ಗಮನ ಸೆಳೆದ ಬಾಲಕಿ ಶಾನನ್ ಕುಸ್ಟಾಚಿನ್ 2010ರಲ್ಲೇ ಅಪಘಾತದಲ್ಲಿ ಮಡಿದಿದ್ದಳು.

ತುರ್ತುಸ್ಥಿತಿ ಘೋಷಣೆಯಾದಾಗ ವೈದ್ಯರು, ಅಧಿಕಾರಿಗಳು ಧಾವಿಸುತ್ತಾರೆ. ಸುದ್ದಿ ತಣ್ಣಗಾದಾಗ ಹಿಂದಿರುಗುತ್ತಾರೆ. ಅವರ ನೆರವು ಬೇಕೇ ಬೇಕು. ಆದರೆ ನೆಲದ ಸಂಪತ್ತಿನಲ್ಲಿ ಪಾಲು ಮತ್ತು ತಮ್ಮ ಊರಿನ ನಿರ್ಧಾರ ಕೈಗೊಳ್ಳುವ ಅಧಿಕಾರ ಕ್ರೀ ಜನರಿಗೆ ದಕ್ಕದ ಹೊರತು ಅನುದಾನ ಹೆಚ್ಚಿದರೂ ಪರಾವಲಂಬನೆ ತಪ್ಪದು.