ರಿಂಗ್ ರೋಡಿನ ಶೂರರು ಒಮ್ಮೆ ಟ್ರ್ಯಾಕಿಗೆ ಹೋಗಿ ಬರಲಿ

ರಾತ್ರಿ ಹತ್ತಾಯಿತೆಂದರೆ ಮೈಸೂರಿನ ರಿಂಗ್ ರೋಡಿನಲ್ಲಿ ಮೆರವಣಿಗೆ ಶುರು. ಸೈಲೆನ್ಸರ್ ಬಿಚ್ಚಿದ ಬೈಕುಗಳು, ಮುಂದಿನ ಚಕ್ರ ಎತ್ತಿಕೊಂಡು ಹಾರುವ ಶೂರರು, ಹಿಂದೆ ಕೂತು ಮೊಬೈಲಿನಲ್ಲಿ ಚಿತ್ರ ಹಿಡಿಯುವ ಗೆಳೆಯರು. ಅಂಗಡಿ ಬಾಗಿಲೆಳೆದು ಮನೆಗೆ ಹೊರಟವರು, ಕೊನೇ ಬಸ್ಸಿಗೆ ಕಾದವರು ರಸ್ತೆ ದಾಟಬೇಕಾದರೆ ಮನೆದೇವರನ್ನು ನೆನೆಯಬೇಕು. ಪೊಲೀಸರು ಬರುತ್ತಾರೆ, ಗಾಡಿ ಹಿಡೀತಾರೆ, ದಂಡ ಹಾಕ್ತಾರೆ. ಹದಿನೈದು ದಿನ ಎಲ್ಲ ತಣ್ಣಗೆ. ಆಮೇಲೆ ಮತ್ತದೇ ರಾಗ, ಅದೇ ಹಾಡು.

ಕಾನೂನು ಇಲ್ಲವೆಂದಲ್ಲ. 2019ರ ತಿದ್ದುಪಡಿಯ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ 5,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು. ಅಪ್ರಾಪ್ತ ಹುಡುಗ ಸಿಕ್ಕಿಬಿದ್ದರೆ ಅಪ್ಪನಿಗೇ 25,000 ದಂಡ, ಮೂರು ವರ್ಷದವರೆಗೆ ಸೆರೆಮನೆ. ಇದೂ ಸಾಲದು, ವ್ಹೀಲಿಂಗ್ ತಡೆಯಲು ಇನ್ನೂ ಬಿಗಿ ಕಾನೂನು ಬೇಕೆಂದು ರಾಜ್ಯದ ಹೈಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿತು. ಆಗಲಿ, ಬರಲಿ. ಆದರೆ ಕಾನೂನು ಮಾಡಲಾಗದ ಒಂದು ಕೆಲಸವನ್ನು ಓಟದ ಟ್ರ್ಯಾಕು ಒಂದೇ ದಿನದಲ್ಲಿ ಮಾಡುತ್ತದೆ. ಹುಡುಗನ ಜಂಬ ಇಳಿಸುತ್ತದೆ!

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಬಹುಮಾನವಿಲ್ಲ, ಮೊದಲನೆಯವ ಕೊನೆಯವ ಎಂಬ ಲೆಕ್ಕವಿಲ್ಲ. ದುಡ್ಡು ಕಟ್ಟಿದವರು ತಮ್ಮದೇ ಬೈಕನ್ನು ಮುಚ್ಚಿದ ಪಥದಲ್ಲಿ, ತಿಳಿದವರ ಕಣ್ಣಳತೆಯಲ್ಲಿ ಓಡಿಸಿ ಕಲಿಯುವ ದಿನ. ಇಂಥ ಟ್ರ್ಯಾಕುಗಳಿಗೆ ನಮ್ಮವರು ತಮಿಳುನಾಡಿಗೇ ಹೋಗಬೇಕು. ಒಂದು, ಚೆನ್ನೈ ಹತ್ತಿರ ಶ್ರೀಪೆರಂಬದೂರಿನ ಕಡೆಯ ಇರುಂಗಾಟ್ಟುಕೋಟ್ಟೈಯಲ್ಲಿ 1990ರಲ್ಲಿ ಶುರುವಾದದ್ದು. ಒಂದು ಸುತ್ತು 3.7 ಕಿಲೋಮೀಟರ್, ಹನ್ನೆರಡು ತಿರುವು. ಇನ್ನೊಂದು ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಮೈಸೂರಿನಿಂದ ಸುಮಾರು 200 ಕಿಲೋಮೀಟರ್.

ಊರಿನ ಅಂಗಡಿಯವರೊಬ್ಬರ ಮಗ, ರಿಂಗ್ ರೋಡಿನಲ್ಲಿ ಹೆಸರು ಮಾಡಿದ ಭೂಪ, ಮೊದಲ ಸಲ ಅಲ್ಲಿಗೆ ಹೋದ. ಬೆಳಿಗ್ಗೆಯೇ ಅವನ ಗಾಡಿ ಪರೀಕ್ಷೆಗೆ ನಿಂತಿತು. ಟೈರು ಸವೆದಿದೆಯೇ, ಬ್ರೇಕ್ ಪ್ಯಾಡ್ ಉಳಿದಿದೆಯೇ, ಆಯಿಲ್ ಸೋರುತ್ತಿದೆಯೇ? ಕನ್ನಡಿ ಬಿಚ್ಚು, ದೀಪಕ್ಕೆ ಟೇಪು ಹಚ್ಚು ಎಂದರು. ತೊಗಲಿನ ಸೂಟು, ಗ್ಲೌಸು, ಬೂಟು, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಇಲ್ಲದೆ ಒಳಗೆ ಬಿಡುವುದಿಲ್ಲವೆಂದರು. ಮೈಸೂರಿನಲ್ಲಿ ಹೆಲ್ಮೆಟ್ಟನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಓಡುತ್ತಿದ್ದವನಿಗೆ ಅಲ್ಲೇ ಅರ್ಧ ಬೆವರು.

ಆಮೇಲೆ ಪಾಠ. ಹಳದಿ ಬಾವುಟ ಕಂಡರೆ ಮುಂದೆ ಅಪಾಯ, ಯಾರನ್ನೂ ದಾಟುವಂತಿಲ್ಲ. ಕೆಂಪು ಬಾವುಟ ಬಂದರೆ ಓಟ ನಿಂತಿತು, ನಿಧಾನವಾಗಿ ವಾಪಸ್ ಬಾ. ಹಿಂದೆ ತಿರುಗಿ ನೋಡಬೇಡ. ಹುಷಾರಾಗಿ ದಾಟುವ ಜವಾಬ್ದಾರಿ ಹಿಂದಿನಿಂದ ಬರುವವನದು. ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸು. ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಕಣ್ಣಿಡು. ಹಳ್ಳ ನೋಡಿದರೆ ಗಾಡಿ ಹಳ್ಳಕ್ಕೇ ಹೋಗುತ್ತದೆ.

ಹದಿನೈದಿಪ್ಪತ್ತು ನಿಮಿಷದ ಮೊದಲ ಸರದಿಯಲ್ಲೇ ಮಂಗಳಾರತಿ ಆಯಿತು. ನೇರ ದಾರಿಯಲ್ಲಿ ಇವನೇ ಮುಂದೆ. ಎರಡು ತಿರುವು ಕಳೆಯುವಷ್ಟರಲ್ಲಿ ಇವನದರ ಅರ್ಧ ಶಕ್ತಿಯೂ ಇಲ್ಲದ ಹಳೇ ಬೈಕಿನ ನಡುವಯಸ್ಸಿನವರೊಬ್ಬರು ಆರಾಮಾಗಿ ದಾಟಿ ಹೋದರು. ಇವನು ತಿರುವಿನ ಮಧ್ಯೆ ಹೆದರಿ ಬ್ರೇಕ್ ಹಿಡಿದು, ಪಥ ಬಿಟ್ಟು ಹುಲ್ಲಿಗೆ ಇಳಿದ. ಹುಲ್ಲಾದ್ದರಿಂದ ಬದುಕಿದ. ರಿಂಗ್ ರೋಡಿನಲ್ಲಾಗಿದ್ದರೆ ಅಲ್ಲೊಂದು ದೀಪದ ಕಂಬವಿರುತ್ತಿತ್ತು, ಇಲ್ಲವೇ ಎದುರಿಗೊಂದು ಲಾರಿ.

ಸಂಜೆ ಮನೆಗೆ ಫೋನು ಮಾಡಿ ಅವನು ಹೇಳಿದ್ದಿಷ್ಟೇ: “ಅಪ್ಪಾ, ಇಷ್ಟು ದಿನ ನಂಗೆ ಬ್ರೇಕ್ ಹಿಡಿಯೋಕೇ ಬರ್ತಿರಲಿಲ್ಲ.”

ವಿಷಯ ಇರುವುದೇ ಇಲ್ಲಿ. ಗಂಟೆಗೆ ನೂರು ಕಿಲೋಮೀಟರಿನಲ್ಲಿ ಬೈಕು ಸೆಕೆಂಡಿಗೆ 28 ಮೀಟರ್ ಹೋಗುತ್ತದೆ, ಎರಡು ಬಸ್ಸಿನ ಉದ್ದಕ್ಕಿಂತ ಜಾಸ್ತಿ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದು ನಿಲ್ಲಿಸಲು ಬೇಕಾದ ದೂರ ನಾಲ್ಕರಷ್ಟು. ಈ ಲೆಕ್ಕ ಗೊತ್ತಿಲ್ಲದವನಿಗೂ ಲೈಸೆನ್ಸು ಸಿಗುತ್ತದೆ, ಸಾಲದ ಮೇಲೆ ಬೈಕೂ ಸಿಗುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ದ್ವಿಚಕ್ರದವರೇ ಸುಮಾರು 75 ಸಾವಿರ.

ಟ್ರ್ಯಾಕಿನಲ್ಲೂ ಸಾವಿಲ್ಲವೇ ಎಂದು ಕೇಳಬಹುದು. ಇದೆ. 2023ರ ಆಗಸ್ಟಿನಲ್ಲಿ ಚೆನ್ನೈ ಟ್ರ್ಯಾಕಿನ ರೇಸಿನಲ್ಲಿ ಬಿದ್ದು ಬೆಂಗಳೂರಿನ 13 ವರ್ಷದ ಹುಡುಗ ತೀರಿಕೊಂಡ. ಮರೆಯುವ ಮಾತಲ್ಲ ಅದು. ಅದಕ್ಕೇ ಎಳೆಯರಿಗೆ ರೇಸಿನ ಹುಚ್ಚು ಹಿಡಿಸಬಾರದು, ಲೈಸೆನ್ಸ್ ಇದ್ದವರಿಗೆ ಪಾಠ ಹೇಳಿಸಬೇಕು. ಟ್ರ್ಯಾಕಿನಲ್ಲಿ ಆಂಬುಲೆನ್ಸ್ ನಿಂತಿರುತ್ತದೆ, ಬಾವುಟದವನಿರುತ್ತಾನೆ, ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ತಪ್ಪು ಮಾಡಿದವನ ಜೀವಕ್ಕಷ್ಟೇ ಅಪಾಯ, ತರಕಾರಿ ಚೀಲ ಹಿಡಿದು ರಸ್ತೆ ದಾಟುವ ಮುದುಕಿಗಲ್ಲ.

ಎರಡನೇ ತಕರಾರು ದುಡ್ಡಿನದು. ನಿಜ, ಶುಲ್ಕ, ಸೂಟು, ಪೆಟ್ರೋಲು, ಟೈರು ಎಲ್ಲ ಸೇರಿದರೆ ಸಾವಿರಗಳ ಬಾಬತ್ತು. ಸಾಮಾನ್ಯ ವಿಮೆ ರೇಸಿಗೂ ವೇಗ ಪರೀಕ್ಷೆಗೂ ಅನ್ವಯಿಸುವುದಿಲ್ಲ, ಗಾಡಿ ಮುರಿದರೆ ಕೈಯಿಂದಲೇ ಕಟ್ಟಬೇಕು. ಗ್ಯಾರೇಜಿನ ಹುಡುಗ, ಡೆಲಿವರಿ ಹುಡುಗ ಎಲ್ಲಿಂದ ತಂದಾರು?

ಹಾಗಾದರೆ ಪಾಠವನ್ನೇ ಇಲ್ಲಿಗೆ ತರಿಸಬಾರದೇ? ಜಾವಾ, ಯೆಜ್ಡಿ ಮಾಡಿದ ಊರಿದು! 1960ರ ದಶಕದ ಆರಂಭದಿಂದ 1996ರವರೆಗೆ ಯಾದವಗಿರಿಯ ಕಾರ್ಖಾನೆಯಿಂದ ಫಟಫಟಿಗಳು ದೇಶಕ್ಕೆಲ್ಲ ಹೋದವು. ಮದ್ರಾಸಿನ ಬಳಿ ಶೋಲಾವರಂನ ಹಳೇ ವಿಮಾನ ಪಟ್ಟಿಯ ರೇಸುಗಳಲ್ಲೂ ಓಡಿದವು. ಈಗ ಕೋಟಿಗಟ್ಟಲೆ ಸುರಿದು ಟ್ರ್ಯಾಕ್ ಕಟ್ಟಿ ಎಂದು ಯಾರೂ ಕೇಳುತ್ತಿಲ್ಲ. ತಿಂಗಳಿಗೊಂದು ಭಾನುವಾರ, ಡಾಂಬರು ಹಾಕಿದ ಒಂದು ದೊಡ್ಡ ಬಯಲು, ಸುತ್ತ ಬೇಲಿ, ಒಂದು ಆಂಬುಲೆನ್ಸ್, ಬ್ರೇಕು ಮತ್ತು ತಿರುವಿನ ಪಾಠ ಹೇಳುವ ನಾಲ್ವರು ಬಲ್ಲವರು. ಅಷ್ಟು ಸಾಕು. ವೇಗವೇ ಬೇಡ. ಖರ್ಚನ್ನು ಬೈಕ್ ಮಾರಿ ಲಾಭ ಮಾಡುವ ಷೋರೂಮುಗಳು ಹೊರಲಿ. ವ್ಹೀಲಿಂಗ್‌ನಲ್ಲಿ ಸಿಕ್ಕಿಬಿದ್ದವರನ್ನು ದಂಡದ ಜೊತೆಗೆ ಪೊಲೀಸರು ಅಲ್ಲಿಗೇ ಕಳಿಸಲಿ.

ಜಿಲ್ಲಾಡಳಿತ ಒಂದು ಸಲ ಮಾಡಿ ನೋಡಲಿ. ಅಂಗಡಿಯವರ ಆ ಮಗ ಈಗ ರಿಂಗ್ ರೋಡಿನ ಕಡೆ ರಾತ್ರಿ ತಲೆ ಹಾಕುತ್ತಿಲ್ಲ. ಪೊಲೀಸರಿಗೆ ಹೆದರಿ ಅಲ್ಲ, ಆ ಹುಲ್ಲು ನೆನಪಾಗಿ.