ಈಜು ಬರದಿದ್ದರೂ ಸ್ಕೂಬಾ ಮಾಡಬಹುದಾ? ಮುರುಡೇಶ್ವರದ ಆ ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

ಮಳೆಗಾಲ ಮುಗಿದು ಅಕ್ಟೋಬರ್ ಬಂತೆಂದರೆ ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಒಂದು ಮೆಸೇಜ್ ತಪ್ಪದೆ ಬರುತ್ತದೆ. ನಿಮ್ಮ ಗ್ರೂಪ್‌ಗೂ ಬಂದಿರಬಹುದು. ತಿಳಿನೀಲಿ ನೀರು, ಬಣ್ಣಬಣ್ಣದ ಮೀನು, ಹೆಬ್ಬೆರಳು ಎತ್ತಿ ತೋರಿಸುವ ಡೈವರ್. ಕೆಳಗೆ ಹೀಗೊಂದು ಒಕ್ಕಣೆ: “ಮಾಲ್ಡೀವ್ಸ್ ಯಾಕೆ, ನಮ್ಮ ನೇತ್ರಾಣಿ ಇದೆಯಲ್ಲ! ಈಜು ಬರದಿದ್ದರೂ ನೋ ಟೆನ್ಶನ್. ಆಕ್ಸಿಜನ್ ಸಿಲಿಂಡರ್ ಕೊಡುತ್ತಾರೆ. ವಾಟರ್‌ಪ್ರೂಫ್ ಫೋನ್ ಇದ್ದರೆ ಫೋಟೊ ನೀವೇ ತೆಗೆಯಬಹುದು. ಬೆಳಿಗ್ಗೆ ಡೈವ್, ರಾತ್ರಿ ಬಸ್, ಮರುದಿನ ಆಫೀಸ್!”

ಕಳೆದ ವರ್ಷ ನನ್ನ ಚಿಕ್ಕಮ್ಮನ ಮಗ ಇದನ್ನೇ ನಂಬಿ ಹೊರಟ. ಅವನಿಗೆ ಚಿಕ್ಕಂದಿನಿಂದ ಅಸ್ತಮಾ ಇದೆ, ಬ್ಯಾಗಿನಲ್ಲಿ ಇನ್‌ಹೇಲರ್ ಇದ್ದೇ ಇರುತ್ತದೆ. ಡೈವ್‌ಗೆ ಮೊದಲು ಕೊಟ್ಟ ಫಾರ್ಮ್‌ನಲ್ಲಿ “ಅಸ್ತಮಾ ಇದೆಯೇ?” ಎಂಬ ಪ್ರಶ್ನೆ ಇತ್ತು. ಅಡ್ವಾನ್ಸ್ ಕಟ್ಟಿಯಾಗಿತ್ತು. ಇವನು “ಇಲ್ಲ” ಎಂದು ಟಿಕ್ ಹಾಕಿದ. ಅದೃಷ್ಟಕ್ಕೆ ಏನೂ ಆಗಲಿಲ್ಲ. ವಾಪಸ್ ಬಂದು ಊಟಕ್ಕೆ ಕೂತಾಗ ಅದನ್ನೇ ತಮಾಷೆಯಾಗಿ ಹೇಳಿದ. ಚಿಕ್ಕಮ್ಮ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತುಬಿಟ್ಟರು. ಆ ಮೆಸೇಜ್‌ನ ಒಂದೊಂದು ಮಾತನ್ನೂ ಪರಿಶೀಲಿಸಬೇಕು ಅನ್ನಿಸಿದ್ದು ಆಗಲೇ.

ಮೊದಲು ಜಾಗದ ವಿಷಯ. ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬಿ ಸಮುದ್ರದಲ್ಲಿರುವ ಪುಟ್ಟ ದ್ವೀಪ. ಪಾರಿವಾಳಗಳಿಂದಾಗಿ ಪಿಜನ್ ಐಲ್ಯಾಂಡ್ ಎಂಬ ಹೆಸರೂ ಇದೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂದ ಮೇಲೆ ಇದರ ಹೆಸರು ಇನ್ನಷ್ಟು ಜನಕ್ಕೆ ಗೊತ್ತಾಯಿತು. ಡೈವಿಂಗ್ ನಡೆಯುವುದು ಅಕ್ಟೋಬರ್‌ನಿಂದ ಮೇ ತನಕ, ಮಳೆಗಾಲದಲ್ಲಿ ಬಂದ್. ಮಳೆ ನಿಂತ ಕೂಡಲೇ ಹೋದರೆ ನೀರು ಇನ್ನೂ ಕದಡಿರುವ ಸಾಧ್ಯತೆ ಹೆಚ್ಚು. ಫಾರ್ವರ್ಡ್‌ನಲ್ಲಿ ಕಾಣುವಷ್ಟು ತಿಳಿನೀರು ಪ್ರತಿದಿನ ಸಿಗುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಸಿಗುವ ಸಾಧ್ಯತೆ ಜಾಸ್ತಿ, ಅಷ್ಟೇ.

ಈಜು ಬೇಡ ಅನ್ನುವುದು ಅರ್ಧ ಸತ್ಯ

ಮೊದಲ ಸಲ ಹೋಗುವವರು ಮಾಡುವುದು ಕೋರ್ಸ್ ಅಲ್ಲ, ಒಂದು ರುಚಿ ನೋಡುವ ಡೈವ್. ಇದಕ್ಕೆ ಡಿಸ್ಕವರ್ ಸ್ಕೂಬಾ ಎಂಬ ಹೆಸರು ಪ್ರಚಲಿತ. ತರಬೇತುದಾರರು ನಿಮ್ಮನ್ನು ಹಿಡಿದುಕೊಂಡೇ ಕರೆದೊಯ್ಯುತ್ತಾರೆ. ಪಾಡಿ ಸಂಸ್ಥೆಯ ನಿಯಮದ ಪ್ರಕಾರ ಇದರಲ್ಲಿ 12 ಮೀಟರ್‌ಗಿಂತ ಆಳಕ್ಕೆ ಇಳಿಯುವಂತಿಲ್ಲ, ಕನಿಷ್ಠ ವಯಸ್ಸು 10. ಈಜು ಪರೀಕ್ಷೆ ಇರುವುದಿಲ್ಲ, ಅಲ್ಲಿಯವರೆಗೆ ಫಾರ್ವರ್ಡ್ ಸರಿ. ಆದರೆ ಒಬ್ಬರೇ ಸ್ನೇಹಿತರ ಜೊತೆ ಡೈವ್ ಮಾಡಲು ಬೇಕಾದ ಓಪನ್ ವಾಟರ್ ಸರ್ಟಿಫಿಕೇಟ್‌ಗೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಅದು ಬೇರೆಯದೇ ಮಾತು.

ನಿಜ ಹೇಳಬೇಕೆಂದರೆ, ಈಜು ಬಾರದ್ದಕ್ಕಿಂತ ದೊಡ್ಡ ಅಪಾಯ ಗಾಬರಿ. ನೀರೊಳಗೆ ಮಾಸ್ಕ್‌ಗೆ ಒಂದು ಚಮಚ ನೀರು ನುಗ್ಗಿದರೂ ಹೊಸಬರಿಗೆ ಉಸಿರು ಬಿಗಿಹಿಡಿದು ಮೇಲೆ ಓಡಬೇಕು ಅನ್ನಿಸುತ್ತದೆ. ಸ್ಕೂಬಾದಲ್ಲಿ ಎಂದೂ ಮಾಡಬಾರದ ಕೆಲಸ ಅದೇ.

ಕಾರಣ ಹೀಗೆ. ಪ್ರತಿ 10 ಮೀಟರ್ ಇಳಿದಾಗಲೂ ಒಂದು ವಾತಾವರಣದಷ್ಟು ಒತ್ತಡ ಕೂಡಿಕೊಳ್ಳುತ್ತದೆ. ಅಂದರೆ 10 ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡು ಪಟ್ಟು. ಅಲ್ಲಿ ಶ್ವಾಸಕೋಶ ತುಂಬ ಗಾಳಿ ಎಳೆದುಕೊಂಡು, ಉಸಿರು ಬಿಡದೆ ಮೇಲೆ ಬಂದರೆ ಅದೇ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ. ಬಲೂನ್ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಪೂರ್ತಿ ಉಸಿರು ಹಿಡಿದಿದ್ದರೆ ಒಂದೂವರೆ ಮೀಟರ್ ಆಳದಿಂದ ಮೇಲೆದ್ದರೂ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಹಾಗಾಗಿ “ನಾನೇನು ಆಳಕ್ಕೆ ಹೋಗಲ್ಲ ಬಿಡಿ” ಎಂಬ ಸಮಾಧಾನಕ್ಕೆ ಅರ್ಥವಿಲ್ಲ.

ಅಸ್ತಮಾದ ಪ್ರಶ್ನೆ ಫಾರ್ಮ್‌ನಲ್ಲಿ ಇರುವುದೂ ಇದಕ್ಕೇ. ಶ್ವಾಸನಾಳ ಕಿರಿದಾದರೆ ಒಳಗಿನ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನೀವು ಸರಿಯಾಗಿಯೇ ಉಸಿರಾಡುತ್ತಿದ್ದರೂ ಮೇಲೇರುವಾಗ ಆ ಭಾಗದ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ. ಅಸ್ತಮಾ ಇದ್ದವರೆಲ್ಲ ಡೈವ್ ಮಾಡಲೇಬಾರದು ಎಂದೇನಿಲ್ಲ. ಚೆನ್ನಾಗಿ ಹತೋಟಿಯಲ್ಲಿದ್ದು, ವೈದ್ಯರು ಪರೀಕ್ಷೆ ಮಾಡಿ ಒಪ್ಪಿದರೆ ಹೋಗುವವರಿದ್ದಾರೆ. ಆದರೆ ಆ ಪರೀಕ್ಷೆ ಊರಲ್ಲೇ, ಬಸ್ ಟಿಕೆಟ್ ತೆಗೆಯುವ ಮೊದಲೇ ಆಗಬೇಕು. ಹೃದಯದ ತೊಂದರೆ, ಮೂರ್ಛೆರೋಗ, ಇತ್ತೀಚಿನ ಶಸ್ತ್ರಚಿಕಿತ್ಸೆಗೂ ಇದೇ ಮಾತು. ಗರ್ಭಿಣಿಯರು ಡೈವ್ ಮಾಡುವಂತಿಲ್ಲ.

ನೆಗಡಿಯನ್ನು ಯಾರೂ ಕಾಯಿಲೆ ಎಂದು ಲೆಕ್ಕಕ್ಕೆ ಇಡುವುದಿಲ್ಲ. ನೀರೊಳಗೆ ಅದೂ ಲೆಕ್ಕಕ್ಕೆ ಬರುತ್ತದೆ. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯೊಳಗಿನ ಒತ್ತಡ ಸರಿಮಾಡಿಕೊಳ್ಳುತ್ತಾ ಹೋಗಬೇಕು. ಮೂಗು ಕಟ್ಟಿದ್ದರೆ ಇದು ಆಗುವುದಿಲ್ಲ, ಬಲವಂತ ಮಾಡಿದರೆ ಕಿವಿಯ ತಮಟೆ ಹರಿಯಬಹುದು.

ಸಿಲಿಂಡರ್‌ನಲ್ಲಿ ಇರುವುದು ಆಕ್ಸಿಜನ್ ಅಲ್ಲ

ಇದು ಪತ್ರಿಕೆಗಳಲ್ಲೂ ನುಸುಳುವ ತಪ್ಪು. ಸಾಮಾನ್ಯ ಸ್ಕೂಬಾ ಸಿಲಿಂಡರ್‌ನಲ್ಲಿ ಇರುವುದು ನಾವು ಉಸಿರಾಡುವ ಗಾಳಿಯೇ: ಸುಮಾರು ಶೇ 21 ಆಕ್ಸಿಜನ್, ಉಳಿದದ್ದು ಬಹುಪಾಲು ನೈಟ್ರೋಜನ್. ಅದನ್ನು ಸೋಸಿ, ಒತ್ತಿ ತುಂಬಿರುತ್ತಾರೆ. ಶುದ್ಧ ಆಕ್ಸಿಜನ್ ತುಂಬಿಕೊಂಡು 6 ಮೀಟರ್‌ಗಿಂತ ಆಳಕ್ಕೆ ಇಳಿದರೆ ಒತ್ತಡದಿಂದಾಗಿ ಅದೇ ವಿಷವಾಗಿ ಫಿಟ್ಸ್ ಬರಬಹುದು. ನೀರೊಳಗೆ ಫಿಟ್ಸ್ ಬಂದರೆ ಮುಳುಗಿದಂತೆಯೇ.

ಆ ನೈಟ್ರೋಜನ್‌ಗೂ “ರಾತ್ರಿ ಬಸ್, ಮರುದಿನ ಆಫೀಸ್” ಎಂಬ ಮಾತಿಗೂ ನೇರ ಸಂಬಂಧ ಇದೆ. ಒತ್ತಡದಲ್ಲಿ ನೈಟ್ರೋಜನ್ ನಮ್ಮ ರಕ್ತ, ಮಾಂಸಖಂಡಗಳಲ್ಲಿ ಕರಗುತ್ತದೆ. ಮೇಲೆ ಬಂದ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗುತ್ತದೆ. ಆ ಹೊತ್ತಿನಲ್ಲಿ ನೀವು ಗಾಳಿಯ ಒತ್ತಡ ಕಡಿಮೆ ಇರುವ ಎತ್ತರಕ್ಕೆ ಹೋದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆಗಿದ್ದರೆ 18 ಗಂಟೆ ವಿಮಾನ ಹತ್ತಬೇಡಿ.

ವಿಮಾನ ಸರಿ, ಬಸ್ಸಿಗೇನು? ಮುರುಡೇಶ್ವರ ಕಡಲ ಮಟ್ಟದಲ್ಲಿದೆ, ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಸಲಹೆ ಅನ್ವಯವಾಗುವುದು 2,000 ಅಡಿಯಿಂದ ಮೇಲಕ್ಕೆ. ಲೆಕ್ಕ ಹಾಕಿ ನೋಡಿ. ಮಧ್ಯಾಹ್ನ 12ಕ್ಕೆ ಡೈವ್ ಮುಗಿಯಿತು, ರಾತ್ರಿ 8ಕ್ಕೆ ಬಸ್ ಹತ್ತಿದಿರಿ, ಬೆಂಗಳೂರು ತಲುಪುವಾಗ ಬೆಳಗಿನ ಜಾವ. ಹದಿನಾರು ಹದಿನೇಳು ಗಂಟೆ ಕಳೆದಿರುತ್ತದೆ. ಒಂದು ಡೈವ್‌ಗೆ ಇದು ಸಾಕು, ಹಾಗಾಗಿ ಈ ಮಾತಿನಲ್ಲಿ ಫಾರ್ವರ್ಡ್ ಬಚಾವ್. ಆದರೆ ಡೈವ್ ಮುಗಿಸಿ ಊಟ ಮಾಡಿ, ಸೀದಾ ಕಾರಿನಲ್ಲಿ ಚಿಕ್ಕಮಗಳೂರಿಗೆ ಹೋಗಿ ಮರುದಿನ ಮುಳ್ಳಯ್ಯನಗಿರಿಯಲ್ಲಿ ಸೂರ್ಯೋದಯ ನೋಡುವ ಪ್ಲ್ಯಾನ್‌ಗಳನ್ನು ನಾನು ನೋಡಿದ್ದೇನೆ. ಅದು 1,930 ಮೀಟರ್, ಅಂದರೆ 6,000 ಅಡಿಗೂ ಮೇಲೆ. ಆಳ ಕಡಿಮೆ ಇರುವ ಒಂದು ಡೈವ್‌ನಲ್ಲಿ ಅಪಾಯ ಸಣ್ಣದು, ನಿಜ. ಆದರೂ ಬೆಟ್ಟ ಮೊದಲು, ಸಮುದ್ರ ಆಮೇಲೆ ಎಂದು ತಿರುಗಿಸಿಕೊಂಡರೆ ಖರ್ಚೇನೂ ಹೆಚ್ಚುವುದಿಲ್ಲ. ಅಂಡಮಾನ್‌ನ ಸ್ವರಾಜ್ ದ್ವೀಪಕ್ಕೆ ಹೋಗಿ ಮೂರ್ನಾಲ್ಕು ಡೈವ್ ಮಾಡುವವರು ಮಾತ್ರ ಕೊನೆಯ ದಿನವನ್ನು ದಡದ ಮೇಲೆಯೇ ಕಳೆಯಬೇಕು.

ಇನ್ನು ಫೋಟೊ

ಹೋದವರಲ್ಲಿ ಹೆಚ್ಚಿನವರಿಗೆ ಬೇಜಾರಾಗುವುದು ಇಲ್ಲೇ. ಅಷ್ಟು ಚೆಂದ ಕಂಡದ್ದು ಫೋಟೊದಲ್ಲಿ ನೀಲಿ ಮಸಿ ಬಳಿದ ಹಾಗೆ. ಕ್ಯಾಮೆರಾ ಕೆಟ್ಟಿಲ್ಲ. ನೀರು ಬೆಳಕಿನ ಬಣ್ಣಗಳನ್ನು ಒಂದೊಂದಾಗಿ ಹೀರಿಕೊಳ್ಳುತ್ತದೆ. ಮೊದಲು ಹೋಗುವುದು ಕೆಂಪು, ಐದಾರು ಮೀಟರ್‌ನಲ್ಲೇ ಅದರ ಬಹುಪಾಲು ಮಾಯ. ನಂತರ ಕಿತ್ತಳೆ, ಹಳದಿ. ಕೊನೆತನಕ ಉಳಿಯುವುದು ನೀಲಿ. ಆಳದಲ್ಲಿ ಬೆರಳು ಕುಯ್ದರೆ ರಕ್ತ ಹಸಿರಾಗಿ ಕಾಣುತ್ತದೆ.

ಮೀನಿನಿಂದ ಕ್ಯಾಮೆರಾಗೆ ಇರುವ ದೂರವೂ ನೀರೇ ಎಂಬುದನ್ನು ಜನ ಮರೆಯುತ್ತಾರೆ. ನೀವು 5 ಮೀಟರ್ ಆಳದಲ್ಲಿದ್ದು 3 ಮೀಟರ್ ದೂರದ ಮೀನಿನ ಫೋಟೊ ತೆಗೆದರೆ ಬೆಳಕು ಒಟ್ಟು 8 ಮೀಟರ್ ನೀರು ದಾಟಿ ಬಂದಿರುತ್ತದೆ. ಆದ್ದರಿಂದ ಜೂಮ್ ಬೇಡ, ಹತ್ತಿರ ಹೋಗಿ. ನೀರೊಳಗೆ ಎಲ್ಲವೂ ಕಾಲು ಭಾಗದಷ್ಟು ಹತ್ತಿರ ಕಾಣುವುದರಿಂದ, ಹತ್ತಿರ ಬಂದೆ ಅಂದುಕೊಂಡ ಮೇಲೂ ಸ್ವಲ್ಪ ದೂರ ಉಳಿದಿರುತ್ತದೆ. ಕೆಂಪು ಫಿಲ್ಟರ್ ಒಂದಷ್ಟು ನೆರವಾಗುತ್ತದೆ. ಟಾರ್ಚ್ ಇನ್ನೂ ಒಳ್ಳೆಯದು, ಆದರೆ ಅದನ್ನು ಲೆನ್ಸ್ ಪಕ್ಕದಲ್ಲೇ ಹಿಡಿದರೆ ನೀರಿನ ಕಣಗಳೆಲ್ಲ ಹೊಳೆದು ಫೋಟೊದಲ್ಲಿ ಹಿಮ ಸುರಿದಂತೆ ಬರುತ್ತದೆ. ಬೆಳಕು ಬದಿಯಿಂದ ಬೀಳಬೇಕು.

“ವಾಟರ್‌ಪ್ರೂಫ್ ಫೋನ್” ಮಾತ್ರ ಪೂರ್ತಿ ಸುಳ್ಳು. ಬಾಕ್ಸ್ ಮೇಲಿನ ಐಪಿ68 ಎಂದರೆ ಕಂಪನಿ ಹೇಳಿದ ಆಳದಲ್ಲಿ, ಹೇಳಿದ ಹೊತ್ತು, ಅದೂ ಸಿಹಿನೀರಿನಲ್ಲಿ ತಡೆಯುತ್ತದೆ ಎಂದು. ಹಲವು ಸ್ಯಾಮ್‌ಸಂಗ್ ಫೋನ್‌ಗಳಿಗೆ ಅದು 1.5 ಮೀಟರ್, 30 ನಿಮಿಷ. ಐಫೋನ್ 12ರಿಂದ ಈಚಿನ ಹಲವು ಮಾದರಿಗಳಿಗೆ 6 ಮೀಟರ್, 30 ನಿಮಿಷ. ಉಪ್ಪುನೀರು ಚಾರ್ಜಿಂಗ್ ಕಿಂಡಿಯನ್ನು ತಿನ್ನುತ್ತದೆ. ನೀರಿನಿಂದ ಹಾಳಾದರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಎಲ್ಲಕ್ಕಿಂತ ಮೊದಲು, ನೀರೊಳಗೆ ಟಚ್‌ಸ್ಕ್ರೀನೇ ಕೆಲಸ ಮಾಡುವುದಿಲ್ಲ. ಕುತ್ತಿಗೆಗೆ ನೇತುಹಾಕುವ ಪ್ಲಾಸ್ಟಿಕ್ ಚೀಲ ಬೀಚ್‌ಗೆ ಸರಿ, ಡೈವ್‌ಗಲ್ಲ. ಗೋಪ್ರೊ ಹೀರೊ ಕ್ಯಾಮೆರಾಗಳು ಹಾಗೆಯೇ 10 ಮೀಟರ್, ಅದರದ್ದೇ ಡೈವ್ ಕೇಸ್ ಹಾಕಿದರೆ 60 ಮೀಟರ್ ತಡೆಯುತ್ತವೆ. ಕೇಸ್ ಮುಚ್ಚುವಾಗ ರಬ್ಬರ್ ಉಂಗುರದ ಮೇಲೆ ಒಂದು ಕೂದಲು ಕೂತಿದ್ದರೂ ನೀರು ಒಳಗೆ. ಹಿಂದಿನ ರಾತ್ರಿ ಎಸಿ ರೂಮಿನ ಒಣಗಾಳಿಯಲ್ಲಿ ಮುಚ್ಚಿಟ್ಟರೆ ಒಳಗೆ ಮಂಜು ಕಟ್ಟುವುದೂ ಕಡಿಮೆ.

ಆದರೆ ಮೊದಲ ಡೈವ್‌ಗೆ ಕ್ಯಾಮೆರಾ ಬೇಡ ಎಂದೇ ನನ್ನ ಅಭಿಪ್ರಾಯ. ಉಸಿರು, ಕಿವಿ, ತರಬೇತುದಾರರ ಸನ್ನೆ, ಇಷ್ಟರಲ್ಲೇ ಹೊಸಬರ ತಲೆ ತುಂಬಿರುತ್ತದೆ. ಅಂದಹಾಗೆ ಫಾರ್ವರ್ಡ್‌ನ ಆ ಹೆಬ್ಬೆರಳಿಗೆ ನೀರೊಳಗೆ ಅರ್ಥ “ಸೂಪರ್” ಅಲ್ಲ, “ಡೈವ್ ಸಾಕು, ಮೇಲೆ ಹೋಗೋಣ” ಎಂದು. ಎಲ್ಲ ಸರಿ ಇದೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು.

ಕ್ಯಾಮೆರಾ ಹಿಡಿದವರು ಬರಿಗೈಯವರಿಗಿಂತ ಹೆಚ್ಚು ಸಲ ಹವಳಕ್ಕೆ ತಾಗುತ್ತಾರೆ ಎಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಹವಳ ಕಲ್ಲಲ್ಲ, ಗಿಡವೂ ಅಲ್ಲ. ಕೂಡಿ ಬಾಳುವ ಪುಟ್ಟ ಪ್ರಾಣಿಗಳು. ಸ್ಥಿರವಾಗಿ ನಿಂತು ಫೋಟೊ ತೆಗೆಯಲು ಒಂದು ಕೈ ಊರಿದರೆ ವರ್ಷಗಟ್ಟಲೆ ಬೆಳೆದದ್ದು ಮುರಿಯಬಹುದು. ನೆನಪಿಗೆಂದು ಒಂದು ತುಂಡು ಜೇಬಿಗೆ ಹಾಕಿಕೊಂಡರೆ ಅಪರಾಧವೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗಟ್ಟಿ ಹವಳಗಳು ಹುಲಿಯ ಜೊತೆಗೇ ಮೊದಲ ಪರಿಶಿಷ್ಟದಲ್ಲಿವೆ.

ಈ ವರ್ಷವೂ ಅದೇ ಮೆಸೇಜ್ ಬಂತು. ನನ್ನ ತಮ್ಮ ಮತ್ತೆ ಹೋಗುತ್ತೇನೆಂದು ಕುಣಿಯುತ್ತಿದ್ದಾನೆ. ಚಿಕ್ಕಮ್ಮ ಹಾಕಿದ ಷರತ್ತು ಒಂದೇ: ಮೊದಲು ಶ್ವಾಸಕೋಶದ ತಜ್ಞರ ಹತ್ತಿರ ಊದುವ ಪರೀಕ್ಷೆ. ಬರುವ ಶನಿವಾರ ಅಪಾಯಿಂಟ್‌ಮೆಂಟ್ ಇದೆ. ಅಡ್ವಾನ್ಸ್ ಇನ್ನೂ ಕಟ್ಟಿಲ್ಲ.