ಹಿಮ್ಮೇಳದ ಕಂಠಗಳಿಗೂ ಹೆಸರಿರಲಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸುತ್ತಣ ಹಳ್ಳಿಗಳಲ್ಲಿ ಭಜನಾ ಮೇಳಗಳು ಇಂದಿಗೂ ಉಂಟು. ಒಬ್ಬರು ಶಿಶುನಾಳ ಶರೀಫರ ತತ್ತ್ವಪದವನ್ನು ಎತ್ತಿಕೊಳ್ಳುತ್ತಾರೆ. ಉಳಿದವರು ತಾಳ, ದಮ್ಮಡಿಗಳೊಡನೆ ಪಲ್ಲವಿಯನ್ನು ಹಿಡಿಯುತ್ತಾರೆ. ಇದನ್ನು ಈಗ ಯಾರು ಬೇಕಾದರೂ ಮೊಬೈಲ್ ಫೋನಿನಲ್ಲಿ ಮುದ್ರಿಸಿಕೊಳ್ಳಬಹುದು. ಇಪ್ಪತ್ತು ವರ್ಷಗಳ ಮೇಲೆ ಅದನ್ನು ಕೇಳುವವರು, ಮುಂದೆ ಹಾಡಿದವರು ಇಂಥವರೆಂದು ಹೇಳಿಯಾರು. ಹಿಂದೆ ಹಾಡಿದವರು ಯಾರೆಂದು ಹೇಳಬಲ್ಲರೆ?

ವಿಜ್ಞಾನವು ಇದಕ್ಕೆ ಅರ್ಧ ಉತ್ತರವನ್ನು ಮಾತ್ರ ಕೊಡುತ್ತದೆ. ಧ್ವನಿತಂತುಗಳು ಸೆಕೆಂಡಿಗೆ 200 ಸಲ ಕಂಪಿಸಿದಾಗ ಆ ಮೂಲಸ್ವರದೊಡನೆ 400, 600, 800 ಹೀಗೆ ಉಪಸ್ವರಗಳೂ ಹೊರಡುತ್ತವೆ. ಗಂಟಲು, ಬಾಯಿ, ಮೂಗುಗಳ ಪೊಳ್ಳುಗಳು ಅವುಗಳಲ್ಲಿ ಕೆಲವನ್ನು ಬಲಪಡಿಸಿ ಕೆಲವನ್ನು ಕುಂದಿಸುತ್ತವೆ. ಈ ಪೊಳ್ಳುಗಳ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಆದುದರಿಂದಲೇ ಒಂದೇ ಷಡ್ಜದಲ್ಲಿ ಹಾಡಿದರೂ ಅಣ್ಣನ ದನಿ ಬೇರೆ, ತಮ್ಮನ ದನಿ ಬೇರೆ.

ಪಾಶ್ಚಾತ್ಯ ರಾಕ್ ಹಾಡುಗಳ ಹಿಮ್ಮೇಳದಲ್ಲಿ ಒಬ್ಬರು ಷಡ್ಜವನ್ನು ಹಿಡಿದರೆ ಇನ್ನೊಬ್ಬರು ಪಂಚಮವನ್ನು ಹಿಡಿಯುವುದುಂಟು. 200 ಮತ್ತು 300 ಕಂಪನಗಳ ಎರಡು ಕಂಠಗಳಲ್ಲಿ 600, 1200ರ ಉಪಸ್ವರಗಳು ಬೆರೆತುಹೋದರೂ 400, 900 ಬೇರೆಯಾಗಿ ಉಳಿಯುತ್ತವೆ. ನಮ್ಮ ಭಜನೆಯಲ್ಲಾದರೋ ಎಲ್ಲರೂ ಒಂದೇ ಸ್ವರವನ್ನು ಹಿಡಿಯುವುದರಿಂದ ಉಪಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ನಮ್ಮ ಹಿಮ್ಮೇಳವನ್ನು ಬಿಡಿಸುವುದು ಅವರದಕ್ಕಿಂತ ಕಠಿನ.

ಗಣಕಯಂತ್ರಗಳು ಇಂದು ಅಚ್ಚರಿಯ ಕೆಲಸ ಮಾಡುತ್ತಿವೆ, ನಿಜ. 2023ರಲ್ಲಿ ಹೊರಬಂದ ಬೀಟಲ್ಸ್ ತಂಡದ ‘ನೌ ಅಂಡ್ ದೆನ್’ ಹಾಡಿಗಾಗಿ ಜಾನ್ ಲೆನನ್ನರ ಕಂಠವನ್ನು ಹಳೆಯ ಟೇಪಿನ ಪಿಯಾನೋ ನಾದದಿಂದ ಬೇರ್ಪಡಿಸಲಾಯಿತು. ಆದರೆ ಬೇರ್ಪಟ್ಟ ಕಂಠವು ತನ್ನ ಹೆಸರನ್ನು ತಾನೇ ಹೇಳದು. ಕಾರ್ಲಿ ಸೈಮನ್ನರ 1972ರ ‘ಯು ಆರ್ ಸೋ ವೇನ್’ ಹಾಡಿನ ಹಿಮ್ಮೇಳದಲ್ಲಿ ಹಾಡಿದ ಮಿಕ್ ಜ್ಯಾಗರರ ಹೆಸರನ್ನು ಮುದ್ರಿಸಿರಲಿಲ್ಲ. ಆದರೂ ಕೇಳುಗರು ಗುರುತಿಸಿದರು. ಏಕೆಂದರೆ ಅವರ ದನಿ ಲೋಕಕ್ಕೆಲ್ಲ ಮೊದಲೇ ಪರಿಚಿತವಾಗಿತ್ತು. ನಮ್ಮೂರಿನ ಹಿಮ್ಮೇಳದವರಿಗೆ ಆ ಭಾಗ್ಯವೆಲ್ಲಿಯದು?

ಬ್ಯಾಡಗಿಯ ಮಾರುಕಟ್ಟೆಯನ್ನೇ ನೆನೆಯಿರಿ. ಮೆಣಸಿನಕಾಯಿಯ ಬಣ್ಣ, ಸುಕ್ಕುಗಳನ್ನು ಕಂಡು ನುರಿತವರು ಅದರ ತಳಿಯನ್ನು ಹೇಳಿಯಾರು. ಬೆಳೆದವನ ಹೆಸರನ್ನು ಹೇಳಲಾರರು. ಅದಕ್ಕೆ ಚೀಲಕ್ಕೆ ಕಟ್ಟಿದ ಚೀಟಿಯೇ ಬೇಕು. ಧ್ವನಿಮುದ್ರಣಕ್ಕೂ ಅಂಥದೊಂದು ಚೀಟಿ ಬೇಕೆಂಬುದೇ ನನ್ನ ವಾದ.

ಹಿಮ್ಮೇಳದ ಸೊಗಸು ಒಂದಾಗಿ ಬೆರೆಯುವುದರಲ್ಲಿದೆ, ಹೆಸರೇಕೆ ಎಂದು ಕೆಲವರು ಕೇಳಬಹುದು. ಬೆರೆಯಬೇಕಾದುದು ದನಿ, ಅಳಿಯಬೇಕಾದುದು ಮನುಷ್ಯನಲ್ಲ. ಒಬ್ಬ ಮೊಮ್ಮಗಳು ಮುಂದೊಂದು ದಿನ ಆ ಮುದ್ರಣದಲ್ಲಿ ತನ್ನ ಅಜ್ಜನ ದನಿಯನ್ನು ಹುಡುಕಿದರೆ, ಅವನು ಆ ಮೇಳದಲ್ಲಿದ್ದನೆಂಬುದಾದರೂ ಅವಳಿಗೆ ತಿಳಿಯಬೇಡವೆ?

ವಿದ್ಯಾರ್ಥಿಗಳೇ, ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಮುಂದಿನ ಸಲ ಮೇಳವನ್ನು ಮುದ್ರಿಸುವಾಗ, ಅವರ ಒಪ್ಪಿಗೆ ಪಡೆದು, ಒಬ್ಬೊಬ್ಬರೂ ತಮ್ಮ ಹೆಸರನ್ನೂ ಊರನ್ನೂ ಹೇಳಿ ಪಲ್ಲವಿಯ ಒಂದು ಸಾಲನ್ನು ಒಂಟಿಯಾಗಿ ಹಾಡುವಂತೆ ಕೇಳಿಕೊಳ್ಳಿರಿ, ದಿನಾಂಕವನ್ನು ಬರೆದಿಡಿರಿ. ಮುಂದೆ ಯಂತ್ರಗಳು ಎಷ್ಟೇ ಚುರುಕಾದರೂ ಹೋಲಿಸಿ ನೋಡಲು ಅವುಗಳಿಗೆ ಆ ಒಂಟಿ ಸಾಲೇ ಆಧಾರ. ಐದು ನಿಮಿಷದ ಕೆಲಸ. ಹಾಡಿದವರು ಇರುವಾಗಲೇ ಆಗಬೇಕಾದ ಕೆಲಸ.